ಉರಿ ಬಲ್ಲ ಕೈ

ನಮ್ಮ ಪಾಮನಕಲ್ಲೂರಿನಲ್ಲಿ ಹೊಗೆ ನೋಡಿ ಹೆಣ್ಣುಮಗಳ ಕೈಗುಣ ಹೇಳುವ ಕಾಲವೊಂದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಣ್ಣಿನ ಮಾಳಿಗೆ ಏರಿ ನಿಂತರೆ ಊರಿನ ಬೆಳಕಿಂಡಿಗಳೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಒಂದರಿಂದ ದಟ್ಟ ಬಿಳಿ ಹೊಗೆ; ಆ ಮನೆಯಲ್ಲಿ ಹಸಿ ಕಟ್ಟಿಗೆ ಒಲೆ ಸೇರಿದೆ. ಇನ್ನೊಂದರಿಂದ ಹಳದಿಗೆ ತಿರುಗಿದ, ಮೂಗಿಗೆ ಖಾರ ಹತ್ತುವ ಹೊಗೆ. ಅಲ್ಲಿ ತೇವ ಹಿಡಿದ ಕುಳ್ಳು. ಮತ್ತೊಂದರಿಂದ ನೀಲಿಯ ತೆಳು ಎಳೆಯೊಂದು ಎದ್ದು ಅಲ್ಲೇ ಕರಗಿಹೋಗುತ್ತದೆ. ಕೆಲವೇ ಕೆಲವು ಬೆಳಕಿಂಡಿಗಳ ಮೇಲೆ ಹೊಗೆಯೆಂಬುದೇ ಇರುತ್ತಿರಲಿಲ್ಲ, ಬರಿ ಗಾಳಿ ನಡುಗುತ್ತಿತ್ತು. ಒಳಗೆ ಒಲೆ ಹೊತ್ತಿದೆ ಎಂಬುದು ಆ ನಡುಕದಿಂದ ತಿಳಿಯಬೇಕು. ನಮ್ಮ ಮನೆಯ ಬೆಳಕಿಂಡಿ ಅಂಥದ್ದು. "ಅವರ ಮನ್ಯಾಗ ಒಲಿ ಹೊತ್ತೈತೋ ಇಲ್ಲೋ ತಿಳಿಯಂಗೇ ಇಲ್ಲ ನೋಡವ್ವ" ಎಂದು ಓಣಿಯ ಹೆಂಗಸರು ಅವ್ವನ ಬಗ್ಗೆ ಹೇಳುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಜೀವಮಾನದಲ್ಲಿ ಸಿಕ್ಕಿದ್ದು ನಾನು ಕಾಣೆ.

ಅವ್ವ ಈಗಿಲ್ಲ. ಆ ಒಲೆಯೂ ಇಲ್ಲ. ಹಳೆಯ ಕಟ್ಟಿಗೆ ಒಲೆ ಸ್ವಚ್ಛವಾಗಿ ಉರಿಯುತ್ತಿತ್ತೇ ಎಂಬ ಮಾತು ಬಂದಾಗ ನಮ್ಮ ಮನೆಯ ಹುಡುಗರು ಮುಖ ಹಿಂಡುತ್ತಾರೆ, ಅವರಿಗೆ ಅದು ಬರಿ ಮಸಿಯ ಗೂಡು. ನನ್ನ ವಯಸ್ಸಿನವರ ಕಣ್ಣು ತೇವವಾಗುತ್ತದೆ, ಅವರಿಗೆ ಅದು ಬಿಸಿ ರೊಟ್ಟಿಯ ವಾಸನೆ. ಇಬ್ಬರದೂ ಅರ್ಧ ಮಾತು. ಒಲೆ ತನ್ನಷ್ಟಕ್ಕೆ ತಾನು ಸ್ವಚ್ಛವೂ ಇರಲಿಲ್ಲ, ಹೊಲಸೂ ಇರಲಿಲ್ಲ. ಮುಂದೆ ಕೂತ ಕೈ ಹೇಗೋ ಹಾಗೆ ಉರಿಯುತ್ತಿತ್ತು. ಅಂಥ ಕೈಗಳು ನಮ್ಮ ಸೀಮೆಯಿಂದ ಒಂದೊಂದಾಗಿ ಮಣ್ಣು ಸೇರುತ್ತಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಅಷ್ಟು ಬಲ್ಲ ಕೈಯೂ ಅವ್ವನ ಎದೆಯನ್ನು ಉಳಿಸಲಾರದೆ ಹೋದದ್ದು ಅದಕ್ಕೂ ದೊಡ್ಡ ನೋವು.

ನಮ್ಮದು ಎರೆಹೊಲದ ನಾಡು. ಅತ್ತ ಸಿಂಧನೂರು ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ ಹರಿದು ಭತ್ತದ ಸೀಮೆಯಾಯಿತು. ಇತ್ತ ನಮ್ಮ ಭಾಗ ಮಳೆ ನಂಬಿಯೇ ಉಳಿಯಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಇದೇ ಪಾಮನಕಲ್ಲೂರಿನಲ್ಲಿ ರೈತರು ಹಗಲೂರಾತ್ರಿ ಧರಣಿ ಕೂತದ್ದು, 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾದದ್ದು ಎಲ್ಲರಿಗೂ ಗೊತ್ತು. ನೀರಿಲ್ಲದ ಕಡೆ ಕಾಡಿಲ್ಲ, ಕಾಡಿಲ್ಲದ ಕಡೆ ಸೌದೆಯಿಲ್ಲ. ಮಲೆನಾಡಿನವರು ದಿಮ್ಮಿ ಸೀಳಿ ಒಲೆಗಿಟ್ಟರೆ ನಮ್ಮ ಹೆಂಗಸರು ಹೊಲ ಉಂಡು ಬಿಟ್ಟದ್ದನ್ನು ಆರಿಸಿ ಅಡಿಗೆ ಮಾಡಿದರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜೋಳದ ಕೂಳೆ, ಬದುವಿನ ಜಾಲಿ, ದನದ ಕುಳ್ಳು.

ಸೆಗಣಿಯ ಉರಿ ನಮ್ಮ ನೆಲಕ್ಕೆ ಹೊಸದಲ್ಲ. ಮುದಗಲ್ಲಿನ ಹತ್ತಿರದ ಹೊಸ ಶಿಲಾಯುಗದ ನೆಲೆ ಪಿಕ್ಲಿಹಾಳವನ್ನು 1950ರ ದಶಕದಲ್ಲಿ ಅಗೆದ ಪುರಾತತ್ವಜ್ಞ ರೇಮಂಡ್ ಆಲ್ಚಿನ್, ಮುಂದೆ ಉಟ್ನೂರಿನ ಬೂದಿದಿಬ್ಬವನ್ನೂ ಅಗೆದು, ಅದು ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸೆಗಣಿ ಸುಟ್ಟು ಆದ ಬೂದಿ ಎಂದು ತೋರಿಸಿಕೊಟ್ಟರು. ಮಸ್ಕಿಯಲ್ಲಿ, ನಮ್ಮದೇ ಸೀಮೆಯ ವಟಗಲ್ಲಿನಲ್ಲಿ ಅಗೆದಾಗಲೂ ಆ ಹೊಸ ಶಿಲಾಯುಗದ ಜನ ಬಾಳಿದ ಕುರುಹು ಸಿಕ್ಕಿತು. ನಾಲ್ಕು ಸಾವಿರ ವರ್ಷ ಮೀರಿದ ಬದುಕು ಅದು. ಇಷ್ಟು ಹಳೆಯ ಉರಿಯನ್ನು ಅವ್ವ ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅವಳ ಅವ್ವ ಕಲಿಸಿದಳು, ಅವಳಿಗೆ ಅವಳ ಅತ್ತೆ.

ಒಲೆ ಮಾಡುವುದನ್ನೇ ಮೊದಲು ಹೇಳಬೇಕು. ಎರೆಮಣ್ಣು ಒಲೆಗೆ ಬಾರದು, ಒಣಗಿದರೆ ಸೀಳುತ್ತದೆ. ಅವ್ವ ಹುತ್ತದ ಮಣ್ಣು ತರಿಸಿ, ಹೊಟ್ಟು ಸೆಗಣಿ ಬೆರೆಸಿ, ನೀರುಣಿಸಿ, ಕಾಲಿನಿಂದ ತುಳಿದು ಒಂದು ರಾತ್ರಿ ಕೊಳೆಯಲು ಬಿಡುತ್ತಿದ್ದಳು. ಮರುದಿನ ಅಳತೆಗೋಲಿಲ್ಲದೆ, ಗೇಣು ಬೆರಳುಗಳಲ್ಲೇ ಲೆಕ್ಕ ಹಾಕಿ, ಮುಂದೆ ಹಂಚಿನ ಒಲೆ, ಹಿಂದೆ ಕೋಡೊಲೆ ಎಬ್ಬಿಸುತ್ತಿದ್ದಳು. ಒಲೆಯ ಅಂಚಿನ ಮೇಲೆ ಮೂರು ಕಡೆ ಮಣ್ಣಿನ ಉಬ್ಬು. ಪಾತ್ರೆ ಕೂರುವುದು ಅವುಗಳ ಮೇಲೆ. ಪಾತ್ರೆಗೂ ಅಂಚಿಗೂ ನಡುವೆ ಉಳಿಯುವ ಸಂದು ಎಷ್ಟಿರಬೇಕು ಎಂಬುದರಲ್ಲೇ ಒಲೆಯ ಜೀವ. ಸಂದು ದೊಡ್ಡದಾದರೆ ಉರಿ ಹೊರಗೆ ಹಾರಿ ಪಾತ್ರೆ ಕಾಯದು. ಸಣ್ಣದಾದರೆ ಉರಿಗೆ ಉಸಿರು ಕಟ್ಟಿ ಹೊಗೆಯೆಲ್ಲ ಒಲೆಯ ಬಾಯಿಂದ ಕೂತವಳ ಮುಖಕ್ಕೆ ಬರುತ್ತದೆ. ಅವ್ವ ಹಸಿ ಒಲೆಯ ಮೇಲೆ ಗಡಿಗೆ ಇಟ್ಟು ಬಗ್ಗಿ ನೋಡಿ, ಒಂದು ಉಬ್ಬಿಗೆ ಚಿಟಿಕೆ ಮಣ್ಣು ಹೆಚ್ಚಿಸಿ, ಇನ್ನೊಂದರಿಂದ ಒರೆಸಿ ತೆಗೆದು, ಮತ್ತೆ ಗಡಿಗೆ ಇಡುತ್ತಿದ್ದಳು. ಅವಳ ಮುಖದಲ್ಲಿ ಆಗ ಇರುತ್ತಿದ್ದ ಗಾಂಭೀರ್ಯವನ್ನು ನಾನು ಮುಂದೆ ದೊಡ್ಡ ದೊಡ್ಡ ಎಂಜಿನಿಯರರ ಮುಖದಲ್ಲಿ ಹುಡುಕಿದ್ದೇನೆ.

ಇನ್ನು ಕಟ್ಟಿಗೆ. ಸಂಕ್ರಮಣದ ಆಚೆ ತೊಗರಿ ಬಡಿದಾದ ಮೇಲೆ, ಹತ್ತಿಯ ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಕಟ್ಟಿಗೆ ಕಿತ್ತು ಹೊಲದಲ್ಲೇ ಒಣಗಲು ಬಿಡುವುದು. ಯುಗಾದಿಯ ಬಿಸಿಲು ಚುರುಗುಟ್ಟುವಾಗ ಬಂಡಿಯಲ್ಲಿ ಮನೆಗೆ ತಂದು ಹಿತ್ತಲಲ್ಲಿ ಒಟ್ಟುವುದು. ಅಡಿಯಲ್ಲಿ ಕಲ್ಲು ಕೊಟ್ಟು ನೆಲ ಬಿಡಿಸಬೇಕು, ಇಲ್ಲವಾದರೆ ಗೆದ್ದಲು ಹತ್ತಿ ತೇವ ಏರುತ್ತದೆ. ಮೇಲೆ ಜೋಳದ ರವದಿಯ ಹೊದಿಕೆ. ಕುಳ್ಳನ್ನು ಬೇರೆಯೇ ಬಣವೆ ಒಟ್ಟಿ, ಮಳೆ ಇಳಿಯದಂತೆ ಹೊರಗೆಲ್ಲ ಸೆಗಣಿ ಮೆತ್ತುವುದು. ಕಟ್ಟಿಗೆ ಒಣಗಿದೆಯೋ ಇಲ್ಲವೋ ಎಂದು ನೋಡಲು ಅವ್ವ ಅದನ್ನು ಮುರಿದು ಸಪ್ಪಳ ಕೇಳುತ್ತಿದ್ದಳು. ಚಟ್ಟನೆ ಮುರಿದರೆ ಒಲೆಗೆ. ಬಾಗಿ ನಾರು ಬಿಟ್ಟರೆ ಮತ್ತೆ ಬಿಸಿಲಿಗೆ. ಒಳ್ಳೆಯ ಉರಿಯ ಮುಕ್ಕಾಲು ಪಾಲು ಕೆಲಸ ಒಲೆ ಹೊತ್ತಿಸುವ ಮೂರು ತಿಂಗಳ ಮೊದಲೇ, ಬಿಸಿಲಲ್ಲಿ ಆಗಿಹೋಗಿರುತ್ತಿತ್ತು. ಒಲೆಯ ಬಗ್ಗೆ ಬರೆದವರು ಈ ಬಿಸಿಲಿನ ಕೆಲಸದ ಬಗ್ಗೆ ಹೆಚ್ಚಾಗಿ ಬರೆಯುವುದಿಲ್ಲ.

ಬೆಳಗಿನ ಜಾವ ಅವ್ವ ಒಲೆಯ ಬೂದಿ ಸರಿಸಿದರೆ ಕೆಳಗೆ ರಾತ್ರಿ ಮುಚ್ಚಿಟ್ಟ ಜಾಲಿಯ ಕೆಂಡ ಇನ್ನೂ ಕಣ್ಣು ಬಿಟ್ಟಿರುತ್ತಿತ್ತು. ಎಂದಾದರೂ ಆರಿದ್ದರೆ ನನ್ನ ಕೈಗೊಂದು ಕುಳ್ಳಿನ ಚೂರು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಅವರು ತಮ್ಮ ಒಲೆಯ ಕೆಂಡ ಅದರ ಮೇಲಿಟ್ಟು ಕೊಡುತ್ತಿದ್ದರು. ಕೆಂಡದ ಮೇಲೆ ಮುರಿದ ಕುಳ್ಳು ಎರಡು ಚೂರು, ಅದರ ಮೇಲೆ ಒಂದು ಹಿಡಿ ರವದಿ, ಅದರ ಮೇಲೆ ಕಿರುಬೆರಳಿನಷ್ಟು ದಪ್ಪದ ಹತ್ತಿಕಟ್ಟಿಗೆ ಅಡ್ಡಡ್ಡ. ಆಮೇಲೆ ಊದುಗೊಳವೆಯ ತುದಿಯನ್ನು ಕೆಂಡದ ಬುಡಕ್ಕೆ ಹಿಡಿದು ನಿಧಾನವಾದ ಉದ್ದನೆಯ ಒಂದೇ ಉಸಿರು. ಬುಡುಬುಡು ಊದುವವರನ್ನು ಕಂಡರೆ ಅವಳಿಗೆ ಆಗದು. ಅದು ಬೂದಿ ಹಾರಿಸುತ್ತದೆ, ಉರಿ ಎಬ್ಬಿಸುವುದಿಲ್ಲ. ರವದಿ ಭಗ್ಗೆಂದು ಹೊತ್ತಿ ಹತ್ತಿಕಟ್ಟಿಗೆಗೆ ಹಿಡಿದ ಮೇಲೆ ತೊಗರಿ, ಒಲೆಯ ಮಣ್ಣೇ ಬಿಸಿಯಾದ ಮೇಲೆ ಜಾಲಿ. ತಣ್ಣನೆಯ ಒಲೆಗೆ ಜಾಲಿ ತುಂಡು ಹಾಕಿದ ಸೊಸೆಗೆ ಬೈಗುಳ ಗ್ಯಾರಂಟಿ. "ಬಾಯಿ ತುಂಬ ತುರುಕಬ್ಯಾಡವ್ವ. ಒಲಿ ಬಾಯಿಗೆ ಅರ್ಧ ಕಟಗಿ, ಅರ್ಧ ಗಾಳಿ."

ಇನ್ನೊಂದು ಕೆಲಸ ಅವಳು ಎಡಗೈಯಲ್ಲಿ, ನೋಡದೆಯೇ ಮಾಡುತ್ತಿದ್ದಳು. ಬಲಗೈ ಕೊಣಮಿಗೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ಎಡಗೈ ಕಟ್ಟಿಗೆಯ ಹಿಂದಿನ ತುದಿ ಹಿಡಿದು ಸುಟ್ಟಷ್ಟನ್ನೇ ಒಳಕ್ಕೆ ನೂಕುತ್ತಿತ್ತು. ಕಟ್ಟಿಗೆಯ ತುದಿ ಮಾತ್ರ ಉರಿಯಬೇಕು, ನಡುವಿಗೆ ಕಾವು ಹತ್ತಬಾರದು. ಒಂದು ತುಂಡು ಹೊಗೆಯಾಡತೊಡಗಿದರೆ ಅದನ್ನು ಆಗಿಂದಾಗ ಹೊರಗೆಳೆದು ಬೂದಿಯಲ್ಲಿ ಒತ್ತಿ ಆರಿಸುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ನೀರು ಸವರಿಸಿಕೊಂಡು ಮಗ್ಗುಲು ತಿರುಗಿದ ಮೇಲೆ ಉರಿಯನ್ನು ಹಿಂದಕ್ಕೆ ಸರಿಸಿ, ಕೆಂಡವನ್ನು ಬಾಯಿಗೆ ಹರವಿ, ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿ ನಿಲ್ಲಿಸುವುದು. ಕೆಂಡದ ಎದುರು ರೊಟ್ಟಿ ಮೆಲ್ಲಗೆ ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಪಾಪಡಿಯಾಗುತ್ತಿತ್ತು. ಹೊಗೆಯಾಡುವ ಉರಿಯ ಮುಂದೆ ಹಾಗೆ ರೊಟ್ಟಿ ನಿಲ್ಲಿಸಿದರೆ ಅದು ಕಹಿ. ನಮ್ಮ ರೊಟ್ಟಿ ಕಹಿಯಾದ ನೆನಪು ನನಗಿಲ್ಲ.

ಈಗ ತಿಳಿದವರು ಹೇಳುವ ವಿಜ್ಞಾನವನ್ನು ಓದಿದರೆ ಅವ್ವನ ಎಡಗೈ ನೆನಪಾಗುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾವಿಗೆ ಅನಿಲವಾಗಿ ಹೊರಬೀಳುತ್ತದೆ. ನಾವು ಕಾಣುವ ಜ್ವಾಲೆ ಆ ಅನಿಲದ್ದು. ಅದು ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಮೀರಿದ ಕಾವು ಬೇಕು, ಬೆರೆಯಲು ಗಾಳಿ ಬೇಕು, ಪಾತ್ರೆಯ ತಣ್ಣನೆಯ ತಳಕ್ಕೆ ತಾಗುವ ಮೊದಲು ಉರಿದು ಮುಗಿಯಲು ಸಮಯ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಅನಿಲ ಉರಿಯದೆ ತಪ್ಪಿಸಿಕೊಳ್ಳುತ್ತದೆ. ಹೊಗೆ ಎಂದರೆ ಅದೇ, ಅರೆಬೆಂದ ಇಂಧನ. ಕಟ್ಟಿಗೆ ಹಸಿಯಿದ್ದರೆ ಕಾವೆಲ್ಲ ಮೊದಲು ಅದರೊಳಗಿನ ನೀರು ಕುದಿಸಲು ಹೋಗುತ್ತದೆ. ಬಾಯಿ ತುಂಬ ಕಟ್ಟಿಗೆ ತುರುಕಿದರೆ ಅನಿಲ ಹೆಚ್ಚು, ಗಾಳಿ ಕಡಿಮೆ. ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ 1980ರ ದಶಕದಲ್ಲಿ ರೂಪಿಸಿದ 'ರಾಕೆಟ್ ಒಲೆ' ಇಂದು ಜಗತ್ತಿನ ಎಷ್ಟೋ ಬಡದೇಶಗಳಿಗೆ ಹೋಗಿದೆ. ಅದರ ಮುಖ್ಯ ನಿಯಮಗಳಲ್ಲಿ ಒಂದು ಇದೇ: ಸಣ್ಣ ಕಟ್ಟಿಗೆ, ತುದಿ ಮಾತ್ರ ಉರಿಯಬೇಕು, ಕೆಳಗಿನಿಂದ ಗಾಳಿ. ಚಳಿದೇಶಗಳ ಕಬ್ಬಿಣದ ಹಳೆ ಒಲೆಗಳ ಮಾತೂ ಬೇರೆಯಲ್ಲ. ಅಮೆರಿಕ 1988ರಲ್ಲೇ ಹೊಸ ಕಟ್ಟಿಗೆ ಒಲೆಗಳ ಹೊಗೆಗೆ ಮಿತಿ ಹಾಕಿತು. ಆದರೂ ಹಸಿ ಕಟ್ಟಿಗೆ ತುಂಬಿ ಗಾಳಿ ಮುಚ್ಚಿಟ್ಟರೆ ಯಾವ ಒಲೆಯೂ ಹೊಗೆಯುತ್ತದೆ ಎಂದು ಅಲ್ಲಿಯ ಬಲ್ಲವರು ಇಂದಿಗೂ ಹೇಳುತ್ತಲೇ ಇದ್ದಾರೆ.

ಇಷ್ಟಕ್ಕೇ ನಿಲ್ಲಿಸಿ ಅವ್ವನ ಒಲೆಯನ್ನು ಹಾಡಿ ಹೊಗಳಲು ನನ್ನ ಮನಸ್ಸು ಎಳೆಯುತ್ತದೆ. ಆದರೆ ಮಳೆಗಾಲ ಇತ್ತಲ್ಲ.

ಮಿರಗ ಕೂಡಿ ಆರಿದ್ರಾ ಹಿಡಿಯುವ ಹೊತ್ತಿಗೆ ಹತ್ತಿಕಟ್ಟಿಗೆ ಮುಗಿಯುತ್ತ ಬಂದಿರುತ್ತಿತ್ತು. ಮೋಡ ಕವಿದರೆ ಯಾರಾದರೊಬ್ಬರು ಮಾಳಿಗೆ ಹತ್ತಿ ಬೆಳಕಿಂಡಿಗೆ ತಗಡು ಮುಚ್ಚಬೇಕು. ಮುಚ್ಚಿದರೆ ಒಳಗಿನ ಹೊಗೆಗೆ ಬಾಗಿಲೊಂದೇ ದಾರಿ. ಒಲೆಗೆ ಕುಳ್ಳು, ಅದೂ ತೇವದ್ದು. ಕುಳ್ಳಿಗೆ ಎಂಥ ಕೈಯಾದರೂ ಅಷ್ಟೇ, ಅದು ನಿಗಿನಿಗಿ ಕಾಯುತ್ತದೆಯೇ ಹೊರತು ಜ್ವಾಲೆಯಾಗಿ ಉರಿಯುವುದು ಕಡಿಮೆ, ಹೊಗೆ ಬಹಳ. ಆ ದಿನಗಳಲ್ಲಿ ಅಡಿಗೆಮನೆಯ ಗೋಡೆ ಆಳೆತ್ತರದಿಂದ ಮೇಲಕ್ಕೆ ಕಾಣುತ್ತಿರಲಿಲ್ಲ. ನಾವು ಗಂಡುಹುಡುಗರು ಹೊರಗೆ ಪಡಸಾಲೆಯಲ್ಲಿ ಕೂತು ರೊಟ್ಟಿಗೆ ಕಾಯುತ್ತಿದ್ದೆವು. ಅವ್ವ ತಲೆಯ ಮೇಲಿನ ಸೆರಗನ್ನು ಮೂಗಿಗೆ ಎಳೆದುಕೊಂಡು, ನೆಲಕ್ಕೆ ಇನ್ನಷ್ಟು ತಗ್ಗಿ ಕೂತು, ತೊಡೆಯ ಮೇಲೆ ತಂಗಿಯನ್ನು ಮಲಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ತಗ್ಗಿ ಕೂರುವುದೂ ಒಂದು ವಿದ್ಯೆ. ಹೊಗೆ ಮೇಲಿರುತ್ತದೆ, ಕೆಳಗೆ ಒಂದು ಗೇಣು ಉಸಿರಾಡುವ ಜಾಗ ಉಳಿಯುತ್ತದೆ.

ಹೊಗೆ ಕಾಣದ ದಿನಗಳೂ ನಾವು ತಿಳಿದಷ್ಟು ಸ್ವಚ್ಛವಾಗಿರಲಿಲ್ಲ. ಎದೆಯಾಳಕ್ಕೆ ಇಳಿಯುವ ಕಣ ಕೂದಲೆಳೆಯ ದಪ್ಪದಲ್ಲಿ ಮೂವತ್ತನೇ ಒಂದು ಪಾಲಿಗಿಂತ ಸಣ್ಣದು, ಕಣ್ಣಿಗೆ ಕಾಣಬೇಕಾಗಿಲ್ಲ. ರೊಟ್ಟಿ ಸುಡಲು ಹರವಿದ ಆ ಚೆಂದದ ಕೆಂಡ ಹೊಗೆಯನ್ನೇನೂ ಬಿಡದು, ಆದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನು ಬಿಡುತ್ತಲೇ ಇರುತ್ತದೆ. 1981ರಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಮೇಲೆಯೇ ಅಳೆಯುವ ಯಂತ್ರ ಕಟ್ಟಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ಆವರೆಗೆ ಕಾರ್ಖಾನೆಯ ಹೊಗೆಯನ್ನು, ಬಸ್ಸು ಲಾರಿಗಳ ಹೊಗೆಯನ್ನು ಅಳೆಯುತ್ತಿದ್ದ ಲೋಕಕ್ಕೆ ಅಡಿಗೆಮನೆಯ ಹೊಗೆಯನ್ನೂ ಅಳೆಯಬೇಕೆಂಬುದು ಹೆಚ್ಚಾಗಿ ಹೊಳೆದಿರಲಿಲ್ಲ. 1985ರಲ್ಲಿ ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರ ಶುರುವಾದಾಗ ಅದರ ಎತ್ತರದ ಚಿಮಣಿ ನೋಡಲು ಜನ ಹೋಗಿಬಂದು ಬೆರಗಿನಿಂದ ಮಾತಾಡಿದರು. ನಮ್ಮ ಊರಿನ ಒಲೆಗಳಿಗೆ ಒಂದು ಮಾರುದ್ದದ ಚಿಮಣಿಯೂ ಇರಲಿಲ್ಲ.

ಅವ್ವನಿಗೆ ದಮ್ಮು ಹತ್ತಿದ್ದು ನಿಧಾನಕ್ಕೆ. ಮೊದಲು ಬೆಳಗಿನ ಕೆಮ್ಮು. ಅದಕ್ಕೆ ವಯಸ್ಸಿನ ಹೆಸರು ಕೊಟ್ಟೆವು. ಆಮೇಲೆ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುವುದು. ಕೊನೆಗೆ ರಾಯಚೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದಾಗ ಅವರು ಊದಲು ಒಂದು ಕೊಳವೆ ಕೊಟ್ಟರು. ಜೀವಮಾನವಿಡೀ ಊದುಗೊಳವೆ ಹಿಡಿದ ಅವಳು ಆ ಯಂತ್ರದ ಮುಳ್ಳನ್ನು ಬೇಕಾದಷ್ಟು ಏರಿಸಲಾರದೆ ಹೋದಳು. "ಬೀಡಿ ಸೇದ್ತೀರೇನಮ್ಮ?" ಎಂದು ಡಾಕ್ಟರು ಕೇಳಿದರು. ಅವ್ವ ನಾಚಿ ನನ್ನ ಕಡೆ ನೋಡಿದಳು. "ಇಲ್ಲ ಯಪ್ಪಾ, ಒಲಿ ಮುಂದ ಕುಂತಾಕಿ ನಾನು." ಡಾಕ್ಟರು ತಲೆಯಾಡಿಸಿ, ಅಷ್ಟೇ ಸಾಕು ಎಂದರು.

ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ಡಾ. ಪಿ.ಎ. ಮಹೇಶ್ ಮತ್ತು ಅವರ ಜೊತೆಯವರು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರ ಲೆಕ್ಕ ಬಹಳ ಸರಳ. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಎಷ್ಟು ವರ್ಷ; ಎರಡನ್ನೂ ಗುಣಿಸುವುದು. ಆ ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ ನಾಲ್ಕು ತಾಸಿನಂತೆ ಹದಿನೈದು ವರ್ಷಕ್ಕೆ 60 ಬರುತ್ತದೆ. ಹದಿನಾರಕ್ಕೆ ಗಂಡನ ಮನೆಗೆ ಬಂದವಳು ಮೂವತ್ತೊಂದಕ್ಕೇ ಆ ಗೆರೆ ಮುಟ್ಟುತ್ತಾಳೆ. ಅವ್ವ ಮೂವತ್ತೊಂದರಲ್ಲಿ ಇನ್ನೂ ನಮ್ಮನ್ನೆಲ್ಲ ಹೆತ್ತು ಮುಗಿಸಿರಲಿಲ್ಲ. ಆ ಮೇಲೆಯೂ ಆ ಒಲೆಯ ಮುಂದೆ ಎಷ್ಟೋ ವರ್ಷ ಕೂತಳು. ಈ ಲೆಕ್ಕ ಓದಿದ ದಿನ ನಾನು ಆ ಹಾಳೆಯನ್ನು ಮಡಚಿಟ್ಟು ಬಹಳ ಹೊತ್ತು ಏನೂ ಮಾಡಲಿಲ್ಲ.

ಹೆಂಗಸರ ಈ ಕಷ್ಟ ಯಾರಿಗೂ ಕಾಣಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನಮ್ಮ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1950ರ ದಶಕದ ಮೊದಲ ಭಾಗದಲ್ಲಿ, ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಎಂಬ ಎಂಜಿನಿಯರ್ ಮಣ್ಣಿನಲ್ಲೇ ಮಾಡಬಹುದಾದ ಹೊಗೆಯಿಲ್ಲದ ಒಲೆಯನ್ನು ರೂಪಿಸಿ, ಬಡವರ ಅಡಿಗೆಮನೆಯ ಹೊಗೆ ಕಳೆಯುವ ಬಗ್ಗೆ ಪುಸ್ತಕವನ್ನೇ ಬರೆದರು. ಅಣೆಕಟ್ಟು ಕಟ್ಟುವ ವಿದ್ಯೆ ಬಲ್ಲವರು ಒಲೆಯ ಮುಂದೆ ಬಗ್ಗಿದ್ದು ಸಣ್ಣ ಮಾತಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕೆಲಸ ನಡೆಯಿತು. ಅಲ್ಲಿಯ ಮನೆಗಳಲ್ಲಿ ಸೌದೆ ತೂಗಿ, ಅಡಿಗೆ ನೋಡಿ, ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮೂರು ಪಾತ್ರೆಯ, ಜಾಲರಿಯ, ಚಿಮಣಿಯ 'ಅಸ್ತ್ರ ಒಲೆ'ಯನ್ನು 1980ರ ದಶಕದ ಮೊದಲಿಗೆ ತಂದರು. ಹಳೆಯ ಒಲೆಯಲ್ಲಿ ಸೌದೆಯ ಕಾವಿನ ನೂರು ಪಾಲಿನಲ್ಲಿ ಹತ್ತು ಹದಿನೈದು ಪಾಲು ಪಾತ್ರೆಗೆ ತಲುಪಿದರೆ, ಅವರ ಒಲೆಯಲ್ಲಿ ಪ್ರಯೋಗದ ವೇಳೆ 40ರ ಸುತ್ತಮುತ್ತ ತಲುಪಿತು. 1983–84ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಿತು. ಅದು 2002ರವರೆಗೆ ನಡೆಯಿತು.

ನಮ್ಮ ಓಣಿಗೂ ಒಂದು ಹೊಗೆಯಿಲ್ಲದ ಒಲೆ ಬಂತು. ಯಾವ ಮಾದರಿ, ಯಾರು ಕಳಿಸಿದ್ದು ಎಂಬುದು ಯಾರಿಗೂ ನೆನಪಿಲ್ಲ. ಅವ್ವ ಅದನ್ನು ಪ್ರೀತಿಯಿಂದಲೇ ಬರಮಾಡಿಕೊಂಡಳು, ಸಾರಿಸಿ ಕಾರಣೆ ಎಳೆದಳು. ಅನ್ನ, ಸಾರು, ಬೇಳೆ ಚೆನ್ನಾಗಿ ಆದವು. ಆದರೆ ರೊಟ್ಟಿ? ದೊಡ್ಡ ಹಂಚಿನ ಅಂಚಿನವರೆಗೆ ಹರಡುವ ಉರಿ ಅದರಲ್ಲಿ ಬರಲಿಲ್ಲ. ರೊಟ್ಟಿ ಆನಿಸಿ ನಿಲ್ಲಿಸಲು ಒಲೆಗೆ ಬಾಯೇ ಇರಲಿಲ್ಲ. ಎರಡು ಹೊತ್ತೂ ರೊಟ್ಟಿ ಉಣ್ಣುವ ಮನೆಗೆ ರೊಟ್ಟಿ ಬೇಯಿಸದ ಒಲೆ ಎಷ್ಟು ದಿನ ಸಾಗೀತು? ಚಿಮಣಿ ಹಾದ ಕಡೆ ಮಾಳಿಗೆಯ ಮಣ್ಣು ಕುಸಿದು ಸೋರಿತು, ಕೊಳವೆಯಲ್ಲಿ ಮಸಿ ಕಟ್ಟಿತು, ತೆಗೆಯುವುದು ಹೇಗೆಂದು ಹೇಳಲು ಯಾರೂ ಮತ್ತೆ ಬರಲಿಲ್ಲ. ಕೊನೆಗೆ ಅದು ಹಂಡೆಯ ನೀರು ಕಾಯಿಸುವ ಒಲೆಯಾಯಿತು. ಆ ಒಲೆ ಮಾಡಿದವರ ಮನಸ್ಸು ಒಳ್ಳೆಯದು, ಲೆಕ್ಕವೂ ಸರಿಯಿತ್ತು. ಅವರು ಒಂದು ದಿನ ಅವ್ವನ ಪಕ್ಕದಲ್ಲಿ ಕೂತು ರೊಟ್ಟಿ ಸುಡುವುದನ್ನು ನೋಡಿದ್ದರೆ ಅವಳ ಎಡಗೈಯ ವಿದ್ಯೆ, ಅವರ ಚಿಮಣಿ ಎರಡೂ ಕೂಡಿದ ಒಲೆಯೊಂದು ನಮ್ಮ ಸೀಮೆಗೆ ಸಿಕ್ಕುತ್ತಿತ್ತು. ನನಗೆ ಇಂದಿಗೂ ಸಂಕಟವಾಗುವುದು ಇಲ್ಲಿಯೇ.

ಗ್ಯಾಸ್ ಬಂತು, ಬಂದದ್ದು ಒಳ್ಳೆಯದೇ ಆಯಿತು. 2016ರ ಉಜ್ವಲಾ ಯೋಜನೆಯ ನಂತರ ನಮ್ಮ ಕಡೆ ಸಿಲಿಂಡರ್ ಇಲ್ಲದ ಮನೆ ಕಡಿಮೆ. ಅವ್ವ ಕೊನೆಯ ವರ್ಷಗಳಲ್ಲಿ ಗ್ಯಾಸಿನ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ನೀಲಿ ಉರಿಯನ್ನು ಮೆಚ್ಚಿಕೊಂಡು ನೋಡುತ್ತಿದ್ದಳು. ಹತ್ತಿಕಟ್ಟಿಗೆಯ ಉರಿ ಒಮ್ಮೊಮ್ಮೆ ಬುಡದಲ್ಲಿ ಇದೇ ಬಣ್ಣಕ್ಕೆ ಬರುತ್ತಿತ್ತು ಎಂದು ಸೊಸೆಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಕೆಮ್ಮು ಬರುತ್ತಿತ್ತು. ಆವಿ ಕೊಡುವ ಯಂತ್ರದ ಮುಸುಕನ್ನು ಅವಳ ಮುಖಕ್ಕೆ ಕಟ್ಟುವಾಗ ನನಗೆ ಆ ಮಳೆಗಾಲದ ಸೆರಗು ಕಣ್ಮುಂದೆ ಬರುತ್ತಿತ್ತು. ಒಂದು ಚಳಿಗಾಲ ಅವಳ ಉಸಿರು ಮೇಲೇಳಲಿಲ್ಲ.

ಕಟ್ಟಿಗೆ ಒಲೆ ಮಾತ್ರ ಊರು ಬಿಟ್ಟು ಹೋಗಿಲ್ಲ, ಅಡಿಗೆಮನೆಯಿಂದ ಹಿತ್ತಲಿಗೆ ಸರಿದಿದೆ ಅಷ್ಟೇ. ನೆರೆಯ ಕೊಪ್ಪಳ ಜಿಲ್ಲೆಯ ಗ್ಯಾಸ್ ಮಾರಾಟದ ಲೆಕ್ಕ ತೆಗೆದು ಅಭಿಷೇಕ್ ಕರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಸಂಪರ್ಕ ಪಡೆದವರ ಸಂಖ್ಯೆ ಬೇಗ ಏರಿತು, ಸಿಲಿಂಡರ್ ತುಂಬಿಸಿಕೊಳ್ಳುವುದು ಅಷ್ಟು ಏರಲಿಲ್ಲ. 14.2 ಕಿಲೋದ ಸಿಲಿಂಡರಿನಲ್ಲಿ ಚಹಾ, ಅನ್ನ, ಪಲ್ಯ. ರೊಟ್ಟಿಗೂ ಹಂಡೆಯ ನೀರಿಗೂ ಕಟ್ಟಿಗೆ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಸಂಸಾರ ನಡೆಸುವ ಹೆಂಗಸರು ನಮ್ಮ ಕಡೆ ಬಹಳ. ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ಕೂರುತ್ತಾರೆ. ಮೈಸೂರಿನವರ ಆ ಗುಣಾಕಾರ ಅವರ ಪಾಲಿಗೆ ಎಷ್ಟು ಬೇಗ ತುಂಬುತ್ತದೆ ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಒಲೆ ಉಳಿಯಿತು, ಕೈ ಉಳಿಯಲಿಲ್ಲ. ಹತ್ತಿಕಟ್ಟಿಗೆಯನ್ನು ಈಗ ಟ್ರ್ಯಾಕ್ಟರಿನ ರೋಟಾವೇಟರ್ ಹೊಲದಲ್ಲೇ ಪುಡಿ ಮಾಡುತ್ತದೆ, ಇಲ್ಲವೇ ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಇಡುತ್ತಾರೆ. ದನ ಕಡಿಮೆಯಾಗಿ ಕುಳ್ಳಿನ ಬಣವೆಗಳು ಹೋದವು. ಬೇಕೆಂದಾಗ ಹಳ್ಳದ ದಂಡೆಯಿಂದ ಬಳ್ಳಾರಿ ಜಾಲಿ ಕಡಿದು ತರುತ್ತಾರೆ, ಹಸಿಯಿದ್ದಂತೆಯೇ ಒಲೆಗೆ ಇಡುತ್ತಾರೆ. ಹೊತ್ತಿಸಲು ರವದಿಯ ಬದಲು ಕ್ಯಾರಿಬ್ಯಾಗ್, ಗುಟ್ಕಾ ಚೀಟಿ, ಹರಿದ ಚಪ್ಪಲಿ. ಪ್ಲಾಸ್ಟಿಕ್ಕಿನ ಆ ಕರಿ ಹೊಗೆ ನಾವು ಕಂಡ ಯಾವ ಕುಳ್ಳಿನ ಹೊಗೆಗಿಂತಲೂ ಕೆಟ್ಟದ್ದು. ಅದೇ ಮೂರು ಉಬ್ಬಿನ ಮಣ್ಣಿನ ಒಲೆ ಅವ್ವನ ಕಾಲದಲ್ಲಿ ಉರಿದದ್ದಕ್ಕಿಂತ ಈಗ ಹೊಲಸಾಗಿ ಉರಿಯುತ್ತಿದೆ. ಇದನ್ನು ನಾನು ಊರಿಗೆ ಹೋದಾಗಲೆಲ್ಲ ಕಣ್ಣಾರೆ ನೋಡುತ್ತೇನೆ. ಹುಡುಗಿಯರನ್ನು ದೂರಿ ಫಲವಿಲ್ಲ. ಗ್ಯಾಸ್ ಬಂದಾಯಿತು, ಇನ್ನು ಒಲೆಯ ವಿದ್ಯೆ ಯಾಕೆ ಎಂದು ನಾವೆಲ್ಲ ಅಂದುಕೊಂಡೆವು. ರೊಟ್ಟಿ ಹಾಗೆ ಅಂದುಕೊಳ್ಳಲಿಲ್ಲ.

ಆದ್ದರಿಂದ ಒಂದು ಮಾತು ಸರ್ಕಾರಕ್ಕೆ, ಒಂದು ಮಾತು ನಮ್ಮವರಿಗೆ. ಸಿಲಿಂಡರ್ ಕೊಟ್ಟಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ರಾಯಚೂರು, ಕೊಪ್ಪಳ, ಯಾದಗಿರಿಯ ಜೋಳದ ರೊಟ್ಟಿಗೆಂದೇ, ರೊಟ್ಟಿ ಬಡಿಯುವವರನ್ನೇ ಕೂರಿಸಿಕೊಂಡು, ಬಾಯಿ ಇರುವ, ಚಿಮಣಿಯೂ ಇರುವ ಒಲೆಯೊಂದನ್ನು ಮಾಡಿಸಿ; ಮಸಿ ತೆಗೆಯುವ ಕ್ರಮವನ್ನೂ ಹೇಳಿಕೊಡಿ. ಎಪ್ಪತ್ತು ದಾಟಿದ ತಾಯಂದಿರು ಪ್ರತಿ ಊರಿನಲ್ಲೂ ಇನ್ನೂ ಒಬ್ಬಿಬ್ಬರಿದ್ದಾರೆ, ಅವರನ್ನು ಕೇಳಿ. ಇನ್ನು ನಮ್ಮವರಿಗೆ: ನಿಮ್ಮ ಹಿತ್ತಲಲ್ಲಿ ರೊಟ್ಟಿ ಒಲೆ ಇದ್ದರೆ ಮಿರಗಕ್ಕೆ ಮೊದಲು ಕಟ್ಟಿಗೆಯನ್ನು ತಗಡಿನ ಕೆಳಗೆ ಸೇರಿಸಿ, ಸಣ್ಣಗೆ ಸೀಳಿಡಿ, ಒಲೆಯ ಬಾಯಿ ತುಂಬ ತುರುಕಬೇಡಿ, ಪ್ಲಾಸ್ಟಿಕ್ಕನ್ನು ಹತ್ತಿರ ತರಬೇಡಿ, ಕೂಸುಗಳನ್ನು ದೂರ ಮಲಗಿಸಿ. ಒಲೆಯ ಮುಂದೆ ಕೂತವರ ಕೆಮ್ಮನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ, ಕೊಡ ಹೊರುವುದು ಕಷ್ಟವಾಗುವ ಮೊದಲೇ, ಕರೆದೊಯ್ದು ಡಾಕ್ಟರಿಗೆ ಎದೆ ತೋರಿಸಿ.